ಬೆಂಚಿನ ಎಡತುದಿ

ಸೀಸನ್ ಶುರುವಾಗಲು ತಿಂಗಳೊಂದರ ಮೇಲೆ ಸ್ವಲ್ಪ ದಿನ ಉಳಿದಿತ್ತು. ಒಂದು ಬೆಳಿಗ್ಗೆ ಅಭ್ಯಾಸ ಮುಗಿದ ಮೇಲೆ ನಮ್ಮ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಶುರುವಿಗೆ ಇಳಿಯೋ ಐದು ಜನರ ಬಗ್ಗೆ ನನಗೆ ಯೋಚನೆ ಇಲ್ಲ. ಅವರನ್ನ ನಾನು ನೋಡ್ಕೋತೀನಿ. ಬೆಂಚಲ್ಲಿ ಕೂರೋ ಬದಲಿ ಆಟಗಾರ್ತಿಯರನ್ನ ನೀವು ನೋಡಿ. ಯಾರನ್ನ ಮೊದಲು ಇಳಿಸಬಹುದು, ಕಷ್ಟದ ಹೊತ್ತಲ್ಲಿ ಯಾರನ್ನ ನಂಬಬಹುದು, ಯಾರನ್ನ ಈ ವರ್ಷ ಬಿಡಬಹುದು. ಅಷ್ಟು ಹೇಳಿ, ಸಾಕು."

ಅವರು ಮೈಸೂರಿನವರು, ನನಗಿಂತ ತುಂಬಾ ಚಿಕ್ಕವರು. "ಬೆಂಚ್ ಅಂದ್ರೆ ಏನು ಅಂತ ನಿಮಗೆ ಗೊತ್ತಲ್ಲ" ಎಂದು ಸೇರಿಸಿದರು. ಆಮೇಲೆ ಹಾಗೆ ಹೇಳಬಾರದಿತ್ತೇನೋ ಎಂಬಂತೆ ಮುಖ ಮಾಡಿದರು. ನನಗೇನೂ ಬೇಸರವಾಗಲಿಲ್ಲ. ಅವರು ಹೇಳಿದ್ದು ನಿಜ. ಪ್ರಾಯದಲ್ಲಿ ನಾನು ರಾಜ್ಯದ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ಅಲ್ಲಿದ್ದಷ್ಟು ವರ್ಷವೂ ಹೆಚ್ಚಿನ ಹೊತ್ತು ಕಳೆದದ್ದು ಬೆಂಚಿನ ಮೇಲೆಯೇ. ಅಕ್ಕಂದಿರು ನರ್ಸಿಂಗ್ ಕಲಿತು ಗಲ್ಫಿಗೆ ಹೋದರು. ನಾನು ಮಾತ್ರ ಸೀಟಿ ಕುತ್ತಿಗೆಗೆ ಹಾಕಿಕೊಂಡು ಇಲ್ಲೇ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರಾದೆ. ನಿವೃತ್ತಿಯಾಗಿ ಮನೆಯಲ್ಲಿದ್ದಾಗ, ಊರಿನ ಕೆಲವು ಉದ್ಯಮಿಗಳು ಸೇರಿ ಹೆಂಗಸರ ಬಾಸ್ಕೆಟ್‌ಬಾಲ್ ತಂಡವೊಂದನ್ನು ಕಟ್ಟಿದರು. ಆಟವನ್ನೇ ಉದ್ಯೋಗವಾಗಿ ಮಾಡಿಕೊಂಡ ಹುಡುಗಿಯರನ್ನು ವರ್ಷದ ಕರಾರಿನ ಮೇಲೆ ತೆಗೆದುಕೊಂಡರು. ನನ್ನನ್ನು ಸಹಾಯಕ ಕೋಚ್ ಆಗಿ ಕರೆದರು. ಹೀಗೆ ನಾನು ಮತ್ತೆ ಅಂಗಣದ ಬದಿಗೆ ಬಂದವಳು.

ಬೆಂಚಿನವರನ್ನು ಅಳೆಯುವುದು ಕಷ್ಟದ ಕೆಲಸ. ಅಭ್ಯಾಸದಲ್ಲಿ ಎಲ್ಲರೂ ಓಡುತ್ತಾರೆ, ಎಲ್ಲರೂ ಬುಟ್ಟಿಗೆ ಹಾಕುತ್ತಾರೆ. ಪಂದ್ಯದಲ್ಲಿ ಹಾಗಲ್ಲ. ಕೂತು ಕೂತು ಮೈ ತಣ್ಣಗಾಗಿರುತ್ತದೆ. ಮನಸ್ಸು ಒಂದೋ ಅಂಗಣದ ಮೇಲೇ ಇರುತ್ತದೆ, ಇಲ್ಲವೋ ಎದ್ದು ಎಲ್ಲಿಗೋ ಹೋಗಿಬಿಟ್ಟಿರುತ್ತದೆ. ಆಗ ಇದ್ದಕ್ಕಿದ್ದಂತೆ ಹೆಸರು ಕರೆಯುತ್ತಾರೆ. ಇಳಿದ ಮೊದಲ ಎರಡು ನಿಮಿಷದಲ್ಲಿ ಅವಳು ಏನು ಮಾಡುತ್ತಾಳೋ ಅದೇ ಅವಳ ಆಟ. ಅದಕ್ಕೆ ನಾನು, ನಮ್ಮ ಅಭ್ಯಾಸ ನಡೆಯುವ ಉರ್ವದ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮೊಳಗೇ ಪಂದ್ಯ ಆಡಿಸುವಾಗ ಬೆಂಚಿನ ಹುಡುಗಿಯರನ್ನು ಬೇಕೆಂದೇ ತುಂಬಾ ಹೊತ್ತು ಕೂರಿಸಿ, ಅವರು ನಿರೀಕ್ಷಿಸದ ಹೊತ್ತಲ್ಲಿ ಇಳಿಸುತ್ತಿದ್ದೆ. ಅವರು ಕೂತಿರುವಾಗ ನಾನು ಆಟವನ್ನು ನೋಡುತ್ತಿರಲಿಲ್ಲ, ಅವರನ್ನೇ ನೋಡುತ್ತಿದ್ದೆ.

ಕಾಸರಗೋಡಿನ ಕಡೆಯ ಎತ್ತರದ ಹುಡುಗಿಯೊಬ್ಬಳಿದ್ದಳು. ಇಳಿದ ಕೂಡಲೇ ಯಾರಿಗಾದರೂ ಢಿಕ್ಕಿ ಹೊಡೆದು ಫೌಲ್ ಮಾಡುತ್ತಿದ್ದಳು. ಕಾದದ್ದಕ್ಕೆಲ್ಲ ಒಮ್ಮೆಗೇ ಲೆಕ್ಕ ಚುಕ್ತಾ ಮಾಡುವ ಆತುರ ಅದು. ದೂರದಿಂದ ಚೆನ್ನಾಗಿ ಗುರಿ ಇಡುವ ಇನ್ನೊಬ್ಬಳಿದ್ದಳು. ಅವಳಿಗೆ ತಂಡ ಗೆದ್ದರೂ ಸೋತರೂ ಒಂದೇ, ತನ್ನ ಕೈಗೆ ಚೆಂಡು ಬಂದರೆ ಸಾಕು. ಉಳಿದವರಲ್ಲಿ ಹೆಚ್ಚಿನವರು ಹೊಸಬರು.

ಇವರೆಲ್ಲರ ನಡುವೆ ಒಬ್ಬಳ ಬಗ್ಗೆ ಮಾತ್ರ ನನಗೆ ಅಳೆಯುವುದೇ ಬೇಡ ಎನಿಸಿತ್ತು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ತುಳು ಮಾತಾಡುವ ಬಂಟರ ಮನೆಯ ಹುಡುಗಿ. ಪಂಪ್‌ವೆಲ್‌ನ ಹತ್ತಿರ ಅವರ ಮನೆಯವರ ಮೀನೂಟದ ಹೋಟೆಲ್ ಉಂಟು. ಮೂವತ್ತು ದಾಟಿದ್ದಳು. ಮದುವೆಯ ಮಾತು ಬಂದಾಗಲೆಲ್ಲ "ಈ ಸೀಸನ್ ಮುಗಿಯಲಿ" ಎಂದು ಮುಂದೆ ಹಾಕುತ್ತಾ ಬಂದವಳು. ಚೆಂಡನ್ನು ಮುಂದಕ್ಕೆ ತಂದು ಆಟ ನಡೆಸುವ ಗಾರ್ಡ್‌ಗೆ ಬದಲಿಯಾಗಿ ಇಳಿಯುವುದು ಅವಳ ಕೆಲಸ. ಎಷ್ಟು ತಂಡ ಬದಲಾದರೂ ಅವಳ ಜಾಗ ಬದಲಾಗಿರಲಿಲ್ಲ, ಯಾವಾಗಲೂ ಎರಡನೆಯವಳು. ಆದರೆ ಕೂತಲ್ಲೇ ಇಡೀ ಆಟವನ್ನು ಆಡಿ ಮುಗಿಸುತ್ತಿದ್ದಳು. ಎದುರಿನವರಲ್ಲಿ ಯಾರಿಗೆ ಉಸಿರು ಬಿಗಿಯುತ್ತಿದೆ, ಯಾರು ಹೆದರಿದ್ದಾರೆ ಎಂಬುದು ಇಳಿಯುವ ಮೊದಲೇ ಅವಳಿಗೆ ಗೊತ್ತಿರುತ್ತಿತ್ತು. ಮೊದಲು ಇಳಿಸಬೇಕಾದವಳು ಇವಳೇ ಎಂದು ನಾನು ಮೊದಲ ದಿನವೇ ಮನಸ್ಸಿನಲ್ಲಿ ನಿಶ್ಚಯಿಸಿಬಿಟ್ಟಿದ್ದೆ.

ಎರಡನೆಯ ವಾರ ಪಣಂಬೂರಿಗೆ ಹೋದೆವು. ಅಲ್ಲಿನ ಕಾರ್ಖಾನೆಯೊಂದರ ಕೆಲಸಗಾರರ ಗಂಡಸರ ತಂಡದ ಜೊತೆ ಅಭ್ಯಾಸ ಪಂದ್ಯ. ಶಿಫ್ಟ್ ಮುಗಿಸಿ ಬಂದ ನಡುಪ್ರಾಯದವರು, ಹೊಟ್ಟೆ ಸ್ವಲ್ಪ ಮುಂದೆ ಬಂದವರು, ಆದರೆ ಗಟ್ಟಿ ಆಡುವವರು. ನಮ್ಮ ಹುಡುಗಿಯರಿಗೆ ಅಂಥವರೇ ಬೇಕಿತ್ತು. ಬಯಲು ಅಂಗಣ. ಬಂದರಿನ ಕಡೆಯಿಂದ ಉಪ್ಪುಗಾಳಿ ಬೀಸುತ್ತಿತ್ತು, ಲಾರಿಗಳ ಸದ್ದು ನಿಲ್ಲುತ್ತಲೇ ಇರಲಿಲ್ಲ.

ಪಂದ್ಯದ ಎರಡನೆಯ ಕಾಲುಭಾಗದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯನ್ನು ಇಳಿಸಿದೆ. ಇಳಿದವಳೇ ಬಲಗಡೆಯಿಂದ ನುಗ್ಗಿ ಎತ್ತರದ ಹುಡುಗಿಗೆ ಒಂದು ಪಾಸ್ ಕೊಟ್ಟಳು. ಎದುರಿನ ಗಂಡಸರೇ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿನ ಮೇಲೆ ಎಡಗಡೆಯಿಂದ ಅವಳಿಗೆ ಒಂದು ಪಾಸ್ ಬಂತು. ಸಾದಾ ಪಾಸ್, ಶಾಲೆಯ ಮಕ್ಕಳು ಹಿಡಿಯುವಂಥದ್ದು. ಚೆಂಡು ಅವಳ ಭುಜಕ್ಕೆ ಬಡಿದು ಹೊರಗೆ ಹೋಯಿತು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮತ್ತೆ ಸ್ವಲ್ಪ ಹೊತ್ತಿಗೆ ಎದುರಿನವನೊಬ್ಬ ಎಡಬದಿಯಿಂದ ನಿಧಾನಕ್ಕೆ ಬಂದು, ಅವಳ ಕೈಯಲ್ಲಿದ್ದ ಚೆಂಡನ್ನು ಮೇಜಿನ ಮೇಲಿನ ಲೋಟ ಎತ್ತುವ ಹಾಗೆ ಎತ್ತಿಕೊಂಡು ಹೋದ. ಆಗ ಯಾರೂ ನಗಲಿಲ್ಲ. "ನಿದ್ದೆ ಮಾಡ್ತಿದ್ದೀಯಾ?" ಎಂದು ಕೋಚ್ ಬದಿಯಿಂದ ಕೂಗಿದರು.

ನಾನು ಅವಳನ್ನು ವಾಪಸ್ ಕರೆದೆ. ಅವಳು ನೀರಿನ ಬಾಟಲಿ ತೆಗೆದುಕೊಂಡು ನೇರವಾಗಿ ಬೆಂಚಿನ ಎಡತುದಿಗೆ ಹೋದಳು. ಅಲ್ಲಿ ಬೇರೊಬ್ಬಳು ಕೂತಿದ್ದಳು. "ಸ್ವಲ್ಪ ಆಚೆ ಹೋಗು ಮಾರಾಯ್ತಿ" ಎಂದು ಅವಳನ್ನು ಸರಿಸಿ ಅಲ್ಲೇ ಕೂತಳು. ಆಗ ನನಗೆ ಹೊಳೆಯಿತು. ಅಲ್ಲಿಯವರೆಗಿನ ಅಭ್ಯಾಸಗಳಲ್ಲೂ ಅವಳು ಕೂತದ್ದು ಎಡತುದಿಯಲ್ಲೇ. ಅಲ್ಲಿ ಕೂತರೆ ತಂಡದವರೆಲ್ಲ ಅವಳ ಬಲಕ್ಕೆ ಬರುತ್ತಾರೆ, ಎಡಕ್ಕೆ ಯಾರೂ ಇರುವುದಿಲ್ಲ. ಬಸ್ಸಿನಲ್ಲೂ ಎಡಗಡೆಯ ಕಿಟಕಿ. ಯಾರಾದರೂ ಎಡದಿಂದ ಮಾತಾಡಿಸಿದರೆ ಕಣ್ಣು ತಿರುಗಿಸುವ ಬದಲು ಇಡೀ ಕುತ್ತಿಗೆ ತಿರುಗಿಸುತ್ತಿದ್ದಳು. ನನ್ನ ಕಣ್ಣಿಗೆ ಬಿದ್ದಿದ್ದವೆಲ್ಲ ಆಗ ಒಂದಕ್ಕೊಂದು ಸೇರಿಕೊಂಡವು. ಅವಳ ಎಡಗಣ್ಣಿಗೆ ಏನೋ ಆಗಿತ್ತು.

ಮರುದಿನ ಉರ್ವದಲ್ಲಿ ಅಭ್ಯಾಸ ಮುಗಿದು ಎಲ್ಲರೂ ಹೊರಟಾಗ ಅವಳನ್ನು ನಿಲ್ಲಿಸಿಕೊಂಡೆ. "ನಾಲ್ಕು ಪಾಸ್ ಹಿಡಿದು ಹೋಗು" ಎಂದೆ. ಬಲಕ್ಕೆ ನಿಂತು ಎಸೆದೆ, ಹಿಡಿದಳು. ಎದುರು ನಿಂತು ಎಸೆದೆ, ಹಿಡಿದಳು. ಆಮೇಲೆ, "ಎದುರಿನ ಬುಟ್ಟಿಯನ್ನೇ ನೋಡ್ತಾ ನಿಲ್ಲು, ತಲೆ ತಿರುಗಿಸಬೇಡ" ಎಂದು ಹೇಳಿ ಎಡಬದಿಗೆ ಹೋದೆ. ನಿಧಾನವಾಗಿ, ಅವಳಿಗೆ ತಾಗದ ಹಾಗೆ, ಮುಖದ ಮುಂದಿನಿಂದ ಹಾದುಹೋಗುವಂತೆ ಎಸೆದೆ. ಚೆಂಡು ಮೂಗಿನ ನೇರಕ್ಕೆ ಬರುವವರೆಗೂ ಅವಳ ಕೈ ಏಳಲೇ ಇಲ್ಲ. ಎದ್ದಾಗ ಚೆಂಡು ಆಚೆ ಹೋಗಿಯಾಗಿತ್ತು. ಖಾಲಿ ಒಳಾಂಗಣದಲ್ಲಿ ಅದು ಪುಟಿಯುತ್ತಾ ಗೋಡೆಯವರೆಗೆ ಹೋಗಿ ನಿಂತಿತು.

"ಯಾವಾಗಿನಿಂದ?" ಎಂದು ಕೇಳಿದೆ.

ಅವಳು ಸುಳ್ಳು ಹೇಳಲಿಲ್ಲ. ಅಲ್ಲೇ ನೆಲದ ಮೇಲೆ ಕೂತಳು. "ಮಳೆಗಾಲದ ಕೊನೆಗೆ ಯಾರದೋ ಮೊಣಕೈ ಎಡಗಣ್ಣಿಗೆ ತಾಗಿತ್ತಲ್ಲ ಮಿಸ್, ಅಭ್ಯಾಸದಲ್ಲಿ. ಕಣ್ಣು ಊದಿತ್ತು. ಅದು ಇಳಿದ ಮೇಲೆ ಮಿಂಚಿದ ಹಾಗೆ ಆಗ್ತಿತ್ತು. ಮತ್ತೆ ಬದಿಯಲ್ಲಿ ಒಂದು ಪರದೆ ಬಿದ್ದ ಹಾಗೆ. ಮೊದಲು ಸ್ವಲ್ಪ ಇತ್ತು."

"ಈಗ?"

"ಈಗ ಸ್ವಲ್ಪ ಜಾಸ್ತಿ ಉಂಟು."

"ಡಾಕ್ಟರಿಗೆ ತೋರಿಸಿದ್ದೀಯಾ?"

"ಇಲ್ಲ. ತೋರಿಸಿದ್ರೆ ಆಡುದು ಬೇಡ ಹೇಳ್ತಾರೆ." ಅವಳು ಶೂಸಿನ ಲೇಸ್ ಬಿಚ್ಚುತ್ತಾ ಕಟ್ಟುತ್ತಾ ಇದ್ದಳು. "ಮಿಸ್, ಇದೊಂದು ಸೀಸನ್. ನಮ್ಮ ಮೊದಲನೇ ಗಾರ್ಡಿಗೆ ಕಾಲಿನ ಮೊಣಗಂಟು ಸರಿ ಇಲ್ಲ, ಅವಳು ಪೂರ್ತಿ ಆಡುದಿಲ್ಲ ಅಂತ ನಿಮಗೂ ಗೊತ್ತುಂಟು. ಈ ಸಲ ನನಗೆ ಆಡ್ಲಿಕ್ಕೆ ಸಿಗ್ತದೆ. ಇಷ್ಟು ವರ್ಷದಲ್ಲಿ ಒಮ್ಮೆ ಸಿಗ್ತದೆ. ಅದು ಮುಗಿದ ಕೂಡಲೇ ಆಸ್ಪತ್ರೆಗೆ ಹೋಗ್ತೇನೆ. ನಾನೇ ಹೋಗ್ತೇನೆ."

"ಅಷ್ಟರಲ್ಲಿ ಕಣ್ಣು ಹೋದರೆ?"

"ಇನ್ನೊಂದು ಉಂಟಲ್ಲ."

ಅವಳು ತಮಾಷೆಗೆ ಹೇಳಿದ್ದಲ್ಲ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಯಾಕೆಂದರೆ ಆ ಮಾತು ನನಗೆ ಅರ್ಥವಾಗದ ಮಾತಾಗಿರಲಿಲ್ಲ. ಅವಳ ಪ್ರಾಯದಲ್ಲಿ ಯಾರಾದರೂ ಬಂದು, ಒಂದು ಸೀಸನ್ ಪೂರ್ತಿ ಆಡಿಸುತ್ತೇವೆ, ಬದಲಿಗೆ ಏನು ಕೊಡುತ್ತೀ ಎಂದು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ.

"ಇವತ್ತೇ ಆಸ್ಪತ್ರೆಗೆ ಹೋಗುವ. ಕೋಚಿಗೆ ನೀನೇ ಹೇಳು. ನೀನು ಹೇಳದಿದ್ದರೆ ನಾಳೆ ನಾನು ಹೇಳ್ತೇನೆ" ಎಂದೆ.

ಅವಳು ಎದ್ದು ನಿಂತಳು. "ನೀವಾದರೂ ಹೇಳುದಿಲ್ಲ ಅಂತ ನೆನೆಸಿದ್ದೆ ಮಿಸ್" ಎಂದಳು. ಬ್ಯಾಗ್ ತೆಗೆದುಕೊಂಡು ಹೊರಗೆ ಹೋದಳು. ಸ್ಕೂಟರ್ ಹೊರಟ ಸದ್ದು ಕೇಳಿಸಿತು. ನಾನು ಓಡಿಹೋಗಿ ತಡೆಯಬೇಕಿತ್ತು ಎಂದು ಆಮೇಲೆ ಅನಿಸಿತು. ಆ ಕಣ್ಣಿಟ್ಟುಕೊಂಡು ಅವಳು ದಿನವೂ ಹೆದ್ದಾರಿಯಲ್ಲಿ ಓಡಾಡುತ್ತಿದ್ದಳು.

ಮರುದಿನ ಅವಳು ಅಭ್ಯಾಸಕ್ಕೆ ಬರಲಿಲ್ಲ. ಫೋನ್ ಎತ್ತಲಿಲ್ಲ. ನಾನು ಕೋಚ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಮೊನ್ನೆ ಬೈದದ್ದು ಅವರಿಗೆ ನೆನಪಾಗುತ್ತಿತ್ತು ಎಂದು ಕಾಣುತ್ತದೆ. "ನೀವು ಇವತ್ತು ಇಲ್ಲಿರೋದು ಬೇಡ ಮೇಡಂ. ಅವಳ ಮನೆಗೆ ಹೋಗಿ" ಎಂದರು.

ಪಂಪ್‌ವೆಲ್ ತಲುಪುವಾಗ ಮಧ್ಯಾಹ್ನದ ಊಟದ ಹೊತ್ತು. ಹೋಟೆಲಿನಲ್ಲಿ ಜನ ತುಂಬಿದ್ದರು, ಕಾವಲಿಯ ಮೇಲೆ ಮೀನು ಹುರಿಯುವ ಘಾಟು ರಸ್ತೆಯವರೆಗೂ ಬರುತ್ತಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಅವಳ ಅಣ್ಣ ಕೂತಿದ್ದ. ನನ್ನನ್ನು ನೋಡಿ ಎದ್ದು, "ಬನ್ನಿ ಟೀಚರ್, ಊಟ ಮಾಡಿ" ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಅವಳ ತಾಯಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಪಕ್ಕದಲ್ಲಿ ಅವಳು ಸುಮ್ಮನೆ ಗೋಡೆಗೆ ಒರಗಿ ಕೂತಿದ್ದಳು. ಅಭ್ಯಾಸಕ್ಕೆ ರಜೆ ಎಂದು ಹೇಳಿದ್ದಳಂತೆ.

ನಾನು ತಾಯಿಯ ಎದುರು ಕೂತು ಸುತ್ತಿ ಬಳಸದೆ ಹೇಳಿಬಿಟ್ಟೆ. ಅವರು ತುರಿಯುವುದನ್ನು ನಿಲ್ಲಿಸಿ ಮಗಳ ಕಡೆ ನೋಡಿದರು. ತುಳುವಿನಲ್ಲಿ "ನಿಜನಾ?" ಎಂದು ಮಾತ್ರ ಕೇಳಿದರು. ಅವಳು ಹೌದೆಂದು ತಲೆ ಆಡಿಸಿದಳು. ತಾಯಿ ಎದ್ದು, ಕೈ ತೊಳೆದು, ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದರು. "ಹೋಗುವ" ಎಂದರು. ಮಗಳು ಕೂತಲ್ಲಿಂದ ಏಳಲಿಲ್ಲ. ತಾಯಿ ಬೈಯಲಿಲ್ಲ, ಅಳಲೂ ಇಲ್ಲ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತೇ ಇದ್ದರು. ಎಷ್ಟು ಹೊತ್ತಾದರೂ ಅವರು ಹಾಗೇ ನಿಂತಿರುತ್ತಿದ್ದರೇನೋ. ಕೊನೆಗೆ ಅವಳು ಎದ್ದಳು.

ಕಣ್ಣಿನ ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನೂ ಅವಳ ತಾಯಿಯೂ ಹೊರಗೆ ಕೂತೆವು. ಅವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು, ಟೀಚರ್ ಎಂಬ ಗೌರವಕ್ಕೆ.

"ನಾನು ಒಮ್ಮೆ ಇವಳ ಮ್ಯಾಚ್ ನೋಡ್ಲಿಕ್ಕೆ ಹೋಗಿದ್ದೆ ಟೀಚರ್. ತುಂಬಾ ವರ್ಷ ಆಯ್ತು. ಇವಳ ತಂದೆ ಇದ್ದರು ಆಗ. ಇಡೀ ಮ್ಯಾಚ್ ಇವಳು ಕೂತದ್ದೇ. ಮನೆಗೆ ಬಂದು, ಇನ್ನು ಮುಂದೆ ಬರಬೇಡಿ ಅಮ್ಮ, ಕೂತದ್ದನ್ನು ನೀವು ನೋಡುದು ಬೇಡ ಅಂತ ಹೇಳಿದಳು. ಮತ್ತೆ ನಾನು ಹೋಗ್ಲಿಲ್ಲ. ಇವಳು ಆಡುದು ಹೇಗೆ ಅಂತ ನನಗೆ ಗೊತ್ತಿಲ್ಲ. ಚೆಂದ ಆಡ್ತಾಳಾ?"

"ಚೆಂದ ಆಡ್ತಾಳೆ" ಎಂದೆ.

ಡಾಕ್ಟರು ನಮ್ಮನ್ನು ಒಳಗೆ ಕರೆದರು. ಕಣ್ಣಿನ ಹಿಂಭಾಗದ ಪರದೆ ಹರಿದು, ಗೋಡೆಯ ಸುಣ್ಣ ಬಿಡುವ ಹಾಗೆ ಕಳಚಿಕೊಳ್ಳುತ್ತಾ ಬಂದಿದೆ ಎಂದರು. ನಡುಭಾಗ ಇನ್ನೂ ಅಂಟಿಕೊಂಡಿದೆ, ಅದೂ ಬಿಟ್ಟರೆ ಆ ಕಣ್ಣಿನ ಆಸೆ ಬಿಡಬೇಕಾಗುತ್ತದೆ, ಆಪರೇಷನ್ ತಡ ಮಾಡುವ ಹಾಗಿಲ್ಲ ಎಂದರು. ಅವಳು ಒಂದೇ ಪ್ರಶ್ನೆ ಕೇಳಿದಳು: "ಆಪರೇಷನ್ ಆದ ಮೇಲೆ ಆಡಬಹುದಾ?" ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟು, "ಮೈಗೆ ಮೈ ತಾಗುವ ಆಟ ಇನ್ನು ಬೇಡಮ್ಮ" ಎಂದರು. ಅವಳು ತಾಯಿಯ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. "ಆಯ್ತು" ಎಂದಳು.

ಆಪರೇಷನ್ ಸರಿಯಾಗಿ ಆಯಿತು. ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದರು, ಕಳಚಿದ ಪರದೆಯನ್ನು ಅದು ಒತ್ತಿ ಹಿಡಿಯಬೇಕು. ಅದಕ್ಕಾಗಿ ಅವಳು ಕೆಲವು ದಿನ ಮುಖ ಕೆಳಗೆ ಮಾಡಿಯೇ ಇರಬೇಕಿತ್ತು, ಊಟಕ್ಕೂ, ನಿದ್ದೆಗೂ. ಹೋಟೆಲಿನ ಮೇಲಿದ್ದ ಅವರ ಮನೆಗೆ ನಾನು ನೋಡಲು ಹೋದಾಗ ಮಂಚದ ಅಂಚಿನಾಚೆಗೆ ಮುಖ ಬರುವಂತೆ ಬೋರಲಾಗಿ ಮಲಗಿದ್ದಳು. ಅವಳಿಗೆ ಕಾಣುತ್ತಿದ್ದದ್ದು ನೆಲದ ಕೆಂಪು ಸಿಮೆಂಟ್ ಮತ್ತು ಬಂದವರ ಪಾದ. ನನ್ನ ಚಪ್ಪಲಿಯಿಂದಲೇ ಗುರುತು ಹಿಡಿದಳು.

"ಕೂತ್ಕೊಳ್ಳಿ ಮಿಸ್."

ಕೂತೆ. ಏನು ಮಾತಾಡಬೇಕೆಂದು ತಿಳಿಯದೆ ತಂಡದ ಸುದ್ದಿ ತೆಗೆಯಲು ಹೋದೆ. "ಅದು ಬೇಡ" ಎಂದಳು. ಕೆಳಗೆ ಹೋಟೆಲಿನ ಪಾತ್ರೆಗಳ ಸದ್ದು ಕೇಳುತ್ತಿತ್ತು.

ಆಮೇಲೆ ಅವಳೇ ನೆಲದೊಡನೆ ಮಾತಾಡುವಂತೆ ಕೇಳಿದಳು: "ನಮ್ಮನ್ನೆಲ್ಲ ನೋಡ್ಲಿಕ್ಕೆ ಸರ್ ನಿಮಗೆ ಹೇಳಿದ್ದರಲ್ಲ. ನನ್ನ ಬಗ್ಗೆ ಎಂತ ಹೇಳಿದ್ರಿ? ಕಣ್ಣಿಂದು ಬಿಡಿ. ಅದು ಗೊತ್ತಾಗುವ ಮೊದಲು."

"ಮೊದಲು ಇಳಿಸಬೇಕಾದ್ದು ನಿನ್ನನ್ನು ಅಂತ ನಿಶ್ಚಯ ಮಾಡಿದ್ದೆ."

"ಸಮಾಧಾನಕ್ಕೆ ಹೇಳುದಾ?"

"ಅಲ್ಲ. ಕಷ್ಟದ ಹೊತ್ತಲ್ಲಿ ನಂಬಬಹುದಾದವಳೂ ನೀನೇ ಅಂತ ಹೇಳುವವಳಿದ್ದೆ. ನೀನು ಮೊದಲ ಐದರಲ್ಲಿ ಇರಬೇಕಾದವಳು ಅಂತ ನನಗೆ ಅನಿಸಿದ್ದುಂಟು, ಇವತ್ತು ನಿನ್ನೆ ಅಲ್ಲ, ಎಷ್ಟೋ ವರ್ಷದಿಂದ. ಆದರೆ ಅದನ್ನು ನಿಶ್ಚಯ ಮಾಡುವವಳು ನಾನಾಗಿರಲಿಲ್ಲ."

ಸ್ವಲ್ಪ ಹೊತ್ತಿಗೆ ಅವಳ ಬೆನ್ನು ಅಲುಗುವುದು ಕಂಡಿತು. ಅಳಬಾರದೆಂದು ಡಾಕ್ಟರು ಹೇಳಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬೆನ್ನ ಮೇಲೆ ಕೈ ಇಟ್ಟು ಕೂತೆ. ನಾನು ಹೊರಡಲು ಎದ್ದಾಗ ಅವಳು, "ಸಿಟ್ಟು ಹೋಗ್ಲಿಲ್ಲ ಮಿಸ್, ನಿಮ್ಮ ಮೇಲೆ" ಎಂದಳು. "ಇರಲಿ" ಎಂದೆ.

ಅವಳ ಜಾಗಕ್ಕೆ ಹೊಸಬಳೊಬ್ಬಳನ್ನು ನಾನೇ ಸೂಚಿಸಿದೆ. ಚುರುಕಿನ ಹುಡುಗಿ, ಕಲಿಯುವ ಮನಸ್ಸಿನವಳು. ಎತ್ತರದ ಹುಡುಗಿಗೆ ಇಳಿಯುವ ಮೊದಲು ಉಸಿರು ನಿಧಾನ ಮಾಡಿಕೊಳ್ಳುವುದನ್ನು ಕಲಿಸಿದೆ. ಬಿಡಬಹುದಾದವರ ಹೆಸರನ್ನೂ ಹೇಳಬೇಕಾಯಿತು, ಹೇಳಿದೆ. ಸೀಸನ್ ನಡೆಯಿತು. ಕೆಲವು ಗೆದ್ದೆವು, ಕೆಲವು ಸೋತೆವು. ಮೊದಲ ಗಾರ್ಡ್‌ನ ಮೊಣಗಂಟು ನನ್ನ ಹಳೆಯ ವಿದ್ಯಾರ್ಥಿನಿ ಹೇಳಿದ ಹಾಗೇ ಕೈಕೊಟ್ಟಿತು. ಸೀಸನ್ನಿನ ಅರ್ಧಕ್ಕಿಂತ ಹೆಚ್ಚು ಆಡಿದ್ದು ಆ ಹೊಸ ಹುಡುಗಿ. ಪ್ರತಿ ಪಂದ್ಯದಲ್ಲೂ ಅವಳ ಹೆಸರು ಕರೆಯುವಾಗ ನನ್ನ ಬಾಯಿಗೆ ಬೇರೆ ಹೆಸರು ಬರುತ್ತಿತ್ತು, ತಡೆದುಕೊಳ್ಳುತ್ತಿದ್ದೆ.

ನನ್ನ ವಿದ್ಯಾರ್ಥಿನಿ ಒಂದು ಪಂದ್ಯಕ್ಕೂ ಬರಲಿಲ್ಲ. ಅಣ್ಣನ ಜೊತೆ ಹೋಟೆಲ್ ನೋಡಿಕೊಳ್ಳತೊಡಗಿದಳು. ಬೆಳಿಗ್ಗೆ ಮೀನು ತರಲು ಬಂದರಿಗೆ ಹೋಗುವುದು, ಅಡುಗೆಯವರನ್ನು ಸುಧಾರಿಸುವುದು, ಎಲ್ಲ ಅವಳದೇ. ಕಣ್ಣು ಉಳಿಯಿತು, ಆದರೆ ಎಡಬದಿಯ ದೃಷ್ಟಿ ಪೂರ್ತಿ ಬರಲಿಲ್ಲ. ಅಲ್ಲಿ ಯಾವಾಗಲೂ ಸಂಜೆಯಾದ ಹಾಗೆ ಇರುತ್ತದಂತೆ. ಕೆಲವು ತಿಂಗಳು ನನಗೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅವಳ ಸಿಟ್ಟಿಗೆ ಅಷ್ಟು ಜಾಗ ಬಿಡಬೇಕೆನಿಸಿತು.

ಒಂದು ದಿನ ಅವಳ ಫೋನ್ ಬಂತು. "ಮಿಸ್, ನಾಳೆ ಬಲಗಣ್ಣನ್ನು ತೋರಿಸ್ಲಿಕ್ಕುಂಟು. ಅದರಲ್ಲೂ ಹಾಗೇ ಆಗಬಹುದಂತೆ, ಆಗಾಗ ನೋಡಿಸ್ತಾ ಇರಬೇಕಂತೆ. ಅಮ್ಮ ಬಂದರೆ ಹೆದರ್ತಾರೆ. ನೀವು ಬರ್ತೀರಾ?"

ಹೋದೆ. ಆಮೇಲೆ ಪ್ರತಿ ಸಲವೂ ನಾನೇ ಹೋಗುತ್ತೇನೆ. ಹೋಟೆಲಿನ ವಿಷಯ, ಅಣ್ಣನ ಮಕ್ಕಳ ವಿಷಯ, ಅಂಜಲ್ ಮೀನಿನ ರೇಟು, ಎಲ್ಲ ಮಾತಾಡುತ್ತಾಳೆ. ಆಟದ ವಿಷಯ ಮಾತ್ರ ಅವಳು ಎತ್ತುವುದಿಲ್ಲ, ನಾನು ಹೇಳುವುದಿಲ್ಲ. ಹಾಗೇ ಒಂದು ವರ್ಷ ಕಳೆಯಿತು. ಮತ್ತೆ ಹೊಸ ಸೀಸನ್ ಶುರುವಾಯಿತು.

ಮೊನ್ನೆ ಆಸ್ಪತ್ರೆಗೆ ಹೋದಾಗ ನರ್ಸ್ ಬಂದು ಅವಳ ಕಣ್ಣಿಗೆ ಔಷಧಿ ಬಿಟ್ಟು ಹೋದರು. ಅದು ಬಿಟ್ಟರೆ ಸ್ವಲ್ಪ ಹೊತ್ತಿಗೆ ಹತ್ತಿರದ್ದೆಲ್ಲ ಮಸುಕಾಗುತ್ತದೆ. ಅವಳು ಕಣ್ಣು ಮುಚ್ಚಿ ಗೋಡೆಗೆ ತಲೆ ಒರಗಿಸಿ ಕೂತಿದ್ದಳು. ಹಿಂದಿನ ದಿನ ನಮ್ಮ ಪಂದ್ಯವಿತ್ತು. ಪಕ್ಕದಲ್ಲಿದ್ದ ಯಾರದೋ ಕೈಯಲ್ಲಿ ಪೇಪರ್ ಮಗುಚುವ ಸದ್ದಾಯಿತು.

"ನಿನ್ನೆಯದ್ದು ಪೇಪರಲ್ಲಿ ಉಂಟಾ ಮಿಸ್?" ಎಂದು ಕೇಳಿದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪೇಪರ್ ಕೇಳಿ ತೆಗೆದುಕೊಂಡೆ. ಒಂದು ಮೂಲೆಯಲ್ಲಿ ನಾಲ್ಕು ಸಾಲಿತ್ತು. ಗೆದ್ದದ್ದು ಯಾರು, ಹೆಚ್ಚು ಅಂಕ ಗಳಿಸಿದವರು ಯಾರು, ಅಷ್ಟೇ. ಓದಿ ಹೇಳಿದೆ.

"ಬೆಂಚಿನಿಂದ ಯಾರು ಇಳಿದದ್ದು?"

"ಅದನ್ನು ಇದರಲ್ಲಿ ಹಾಕಲಿಲ್ಲ."

"ಹಾಕುದಿಲ್ಲ" ಎಂದಳು. ಆಮೇಲೆ, "ನೀವು ಅಲ್ಲಿ ಇದ್ರಲ್ಲ. ಹೇಳಿ" ಎಂದಳು.

ನಾನು ಪೇಪರ್ ಮಡಚಿಟ್ಟು ಹೇಳತೊಡಗಿದೆ. ಯಾರು ಯಾವಾಗ ಇಳಿದಳು, ಇಳಿದ ಕೂಡಲೇ ಏನು ಮಾಡಿದಳು, ಎಲ್ಲಿ ತಪ್ಪಿದಳು. ಅವಳು ಕಣ್ಣು ತೆರೆಯದೆ ಕೇಳುತ್ತಿದ್ದಳು. ನಡುನಡುವೆ "ಆಗ ಅವಳು ಎಲ್ಲಿ ನಿಂತಿದ್ದಳು?" ಎಂದು ನಿಲ್ಲಿಸಿ ಕೇಳುತ್ತಿದ್ದಳು. ಪಂದ್ಯದ ಮೂರನೆಯ ಕಾಲುಭಾಗದವರೆಗೆ ಬಂದಿದ್ದೆ. ಅಷ್ಟರಲ್ಲಿ ನರ್ಸ್ ಬಂದು ಅವಳ ಹೆಸರು ಕರೆದರು. ಅವಳು ಎದ್ದು, ನನ್ನ ತೋಳು ಹಿಡಿದುಕೊಂಡು ಒಳಗೆ ನಡೆದಳು.